ಮೆಟ್ರೋದಲ್ಲಿ ಮುಗಿಸಿದ ಮೂರು ತಲೆಮಾರಿನ ಕಥೆ

ಕೈಯಲ್ಲೇ ಹಿಡಿದು ವಿಡಿಯೋ ಆಟ ಆಡುವ ಪುಟ್ಟ ಯಂತ್ರ ನಿಂಟೆಂಡೊ ಡಿಎಸ್‌ನ ಮುಚ್ಚಳ ಮುಚ್ಚಿದರೆ ಆಟ ಅಲ್ಲೇ ನಿದ್ದೆಗೆ ಜಾರುತ್ತದೆ. ತೆರೆದರೆ ಬಿಟ್ಟ ಜಾಗದಿಂದ ಮತ್ತೆ ಶುರು. ಇಷ್ಟು ಸಣ್ಣ ಅನುಕೂಲ ಇಲ್ಲದಿದ್ದರೆ ನಾನು ಜಪಾನಿನ ಹಳೇ ರೋಲ್ ಪ್ಲೇಯಿಂಗ್ ಆಟಗಳ, ಅಂದರೆ ಕಥೆಯೊಳಗಿನ ಪಾತ್ರವಾಗಿ ಆಡುವ ಆಟಗಳ, ತಂಟೆಗೇ ಹೋಗುತ್ತಿರಲಿಲ್ಲ. ಒಂದೊಂದೂ ಮೂವತ್ತು, ನಲವತ್ತು ಗಂಟೆ ತಿನ್ನುವ ಆಟಗಳು. ಅಷ್ಟು ಹೊತ್ತು ಟಿವಿ ಹಿಡಿದುಕೊಂಡು ಕೂತರೆ ಮನೆಯಲ್ಲಿ ಯಾರು ಸುಮ್ಮನಿರುತ್ತಾರೆ? ನನಗೆ ಸಿಗುತ್ತಿದ್ದದ್ದು ಯಶವಂತಪುರದಿಂದ ಬನಶಂಕರಿವರೆಗಿನ ಮೆಟ್ರೋದ ಅರ್ಧ ಗಂಟೆ, ಸಂಜೆ ವಾಪಸ್ ಬರುವಾಗ ಇನ್ನರ್ಧ ಗಂಟೆ. ಅಷ್ಟರಲ್ಲೇ ನಾಲ್ಕೈದು ಆಟ ಮುಗಿಸಿದ್ದೇನೆ.

ನಾನು ಆಡುವ ಡಿಎಸ್ ಲೈಟ್ (ಅದೇ ಯಂತ್ರದ ಹಗುರ ಮಾದರಿ) ನನ್ನ ಚಿಕ್ಕಪ್ಪನ ಮಗನದು. ಅಮೆರಿಕದಲ್ಲಿ ಓದುವಾಗ ಕೊಂಡಿದ್ದನಂತೆ. ಎಷ್ಟು ಸಲ ಬೀಳಿಸಿದ್ದನೋ, ಒಂದು ಕಡೆಯ ಕೀಲು ಬಿರುಕು ಬಿಟ್ಟಿತ್ತು. ಯಂತ್ರ ಮಾತ್ರ ಬಂತು, ಆಟಗಳು ಆಮೇಲೆ ಬರುತ್ತವೆ ಅಂದ. ನನಗೆ ಅಷ್ಟು ತಾಳ್ಮೆ ಎಲ್ಲಿ? ಪೋಕೆಮಾನ್ ಹಾರ್ಟ್‌ಗೋಲ್ಡ್ ಹುಡುಕಿ ಹೊರಟೆ. 1999ರ ಗೋಲ್ಡ್ ಆಟವನ್ನು ಹತ್ತು ವರ್ಷದ ಮೇಲೆ ಡಿಎಸ್‌ಗೆ ಹೊಸದಾಗಿ ಕಟ್ಟಿದ್ದು ಅದು. ಒಂದು ಅಂಗಡಿಯಲ್ಲಿ 1,800 ರೂಪಾಯಿಗೆ ಸಿಕ್ಕಿತು. ಎರಡು ವಾರ ಚೆನ್ನಾಗಿ ಆಡಿದೆ. ಒಂದು ದಿನ ತೆರೆದರೆ ಎಲ್ಲ ಅಳಿಸಿಹೋಗಿದೆ, ಹೊಸ ಆಟ ಶುರು ಮಾಡು ಅನ್ನುತ್ತಿದೆ!

ನಕಲಿ. ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಆ ಆಟದ ಜೊತೆ ಪೋಕೆವಾಕರ್ ಅಂತ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಬರುತ್ತಿತ್ತು. ಅದು ಆಟದ ಜೊತೆ ಮಾತಾಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಆ ಬೆಳಕು ಹಾದುಹೋಗಬೇಕಲ್ಲ, ಹಾಗಾಗಿ ಅಸಲಿ ಕಾರ್ಟ್ರಿಜ್ಜಿನ (ಆಟ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆ) ಪ್ಲಾಸ್ಟಿಕ್ಕೇ ಬೇರೆ. ಮೇಲ್ನೋಟಕ್ಕೆ ಕಪ್ಪು, ದೀಪಕ್ಕೆ ಹಿಡಿದರೆ ಕಡುಗೆಂಪು. ನನ್ನದು ಮಾಮೂಲಿ ಬೂದು ಬಣ್ಣ. ಆಮೇಲಿಂದ ನಾನು ಯಾರದೇ ಕಾರ್ಟ್ರಿಜ್ಜನ್ನು ಮೊದಲು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತೇನೆ. ಬೇರೆ ಆಟಗಳಲ್ಲಿ ಅದರಿಂದ ಏನೂ ಗೊತ್ತಾಗಲ್ಲ, ಸುಮ್ನೆ ಚಾಳಿ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಕಳಿಸಿದ ಆಟಗಳ ಡಬ್ಬಿ ಬಂತು. ಡಿಎಸ್ ಕಾರ್ಟ್ರಿಜ್ಜುಗಳಿಗೆ ದೇಶದ ಬೀಗ ಇಲ್ಲ, ಅಮೆರಿಕದ್ದಾಗಲಿ ಜಪಾನಿನದ್ದಾಗಲಿ ಯಾವ ಡಿಎಸ್‌ನಲ್ಲೂ ಓಡುತ್ತದೆ. ಅದರ ನಂತರ ಬಂದ 3ಡಿಎಸ್ ಯಂತ್ರ ಹಾಗಲ್ಲ, ಅದಕ್ಕೆ ಬೀಗ ಇದೆ, ಕೊಳ್ಳುವಾಗ ಯಂತ್ರ ಎಲ್ಲಿಯದು ಅಂತ ನೋಡಲೇಬೇಕು. ಡಬ್ಬಿಯಲ್ಲಿದ್ದ ಡ್ರ್ಯಾಗನ್ ಕ್ವೆಸ್ಟ್ 5 ನನ್ನನ್ನು ಹಿಡಿದುಬಿಟ್ಟಿತು.

ಇದು 1992ರಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಹಳೇ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂದ ಆಟ. ಜಪಾನ್ ಬಿಟ್ಟು ಹೊರಗೆ ಬಂದಿರಲೇ ಇಲ್ಲ. ಡಿಎಸ್ ರೂಪ 2009ರಲ್ಲಿ ಇಂಗ್ಲಿಷಿಗೆ ಬಂದ ಮೇಲೇ ನಮ್ಮಂಥವರಿಗೆ ಸಿಕ್ಕಿದ್ದು. ಕಥೆ ಸ್ವಲ್ಪ ಬಿಟ್ಟುಕೊಡುತ್ತೇನೆ, ಬೇಡ ಅನ್ನುವವರು ಎರಡು ಪ್ಯಾರಾ ಹಾರಿ.

ನೀವು ಚಿಕ್ಕ ಹುಡುಗ. ಅಪ್ಪ ಪ್ಯಾಂಕ್ರಾಜ್ ಜೊತೆ ಊರೂರು ಅಲೆಯುತ್ತೀರಿ. ದಾರಿಯಲ್ಲಿ ಲೋಳೆಮುದ್ದೆಯಂಥ ಸ್ಲೈಮ್‌ಗಳು ಅಡ್ಡ ಬರುತ್ತವೆ. ಅಪ್ಪನಿಗೆ ಏನು ಮಾಡಬೇಕು ಅಂತ ನೀವು ಹೇಳುವ ಹಾಗಿಲ್ಲ. ಅವನೇ ನುಗ್ಗಿ ಹೊಡೆಯುತ್ತಾನೆ, ನಿಮಗೆ ಪೆಟ್ಟು ಬಿದ್ದಿದ್ದರೆ ಜಗಳ ಮುಗಿದ ಮೇಲೆ ತಾನೇ ಮಂತ್ರ ಹಾಕಿ ವಾಸಿ ಮಾಡುತ್ತಾನೆ. ಒಂದು ಮಾತಿಲ್ಲ, ಹೊಗಳಿಕೆ ಇಲ್ಲ. ನಮ್ಮ ಅಪ್ಪಂದಿರೂ ಹಾಗೇ ಅಲ್ವಾ? ಆಮೇಲೆ ಒಂದು ದಿನ ಶತ್ರು ನಿಮ್ಮ ಕುತ್ತಿಗೆಗೆ ಕುಡುಗೋಲು ಹಿಡಿಯುತ್ತಾನೆ. ಅಪ್ಪ ಕೈ ಎತ್ತುವ ಹಾಗಿಲ್ಲ. ಎದುರಾಳಿಗಳು ಹೊಡೆಯುತ್ತಲೇ ಇರುತ್ತಾರೆ, ಅವನು ನಿಂತೇ ತಿನ್ನುತ್ತಾನೆ. ಅಷ್ಟು ಹೊತ್ತೂ ನಿಮ್ಮ ಕೈಯಲ್ಲಿ ಗುಂಡಿಗಳಿವೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಅವತ್ತು ನಾನು ಜಯನಗರ ಸ್ಟೇಷನ್ನಿನಲ್ಲಿ ಮುಚ್ಚಳ ಮುಚ್ಚಿದವನು ಸಂಜೆ ವಾಪಸ್ ಬರುವಾಗಲೂ ತೆರೆಯಲಿಲ್ಲ.

ಆಮೇಲೆ ಹತ್ತು ವರ್ಷ ಗುಲಾಮಗಿರಿ. ತಪ್ಪಿಸಿಕೊಂಡು ಬಂದ ಮೇಲೆ ಒಂದು ಹಳ್ಳಿಯವರು ದೂರುತ್ತಾರೆ, ಯಾವುದೋ ಮೃಗ ಬಂದು ಹೊಲ ಹಾಳು ಮಾಡುತ್ತಿದೆ ಅಂತ. ಗುಹೆಗೆ ಹೋದರೆ ಅದು ನೀವು ಚಿಕ್ಕಂದಿನಲ್ಲಿ ಸಾಕಿದ್ದ ಮರಿ, ಬೆಳೆದು ದೊಡ್ಡದಾಗಿದೆ. ಗೆಳತಿ ಬಿಯಾಂಕಳ ಹಳೇ ರಿಬ್ಬನ್ ಮೂಸಿದ ಮೇಲೇ ನಿಮ್ಮ ಗುರುತು ಹಿಡಿಯುವುದು. ಅದು ಕಾವಲು ಕಾಯುತ್ತಿದ್ದದ್ದು ಅಪ್ಪನ ಕತ್ತಿಯನ್ನು. ಮುಂದೆ ಮದುವೆ, ಮಕ್ಕಳು. ಮೂರು ತಲೆಮಾರು ಒಂದೇ ಕಾರ್ಟ್ರಿಜ್ಜಿನಲ್ಲಿ. ಹಳೇ ಆಟದಲ್ಲಿ ಕನ್ಯೆಯರು ಬಿಯಾಂಕ, ನೆರಾ ಇಬ್ಬರೇ. ಡಿಎಸ್‌ನಲ್ಲಿ ಡೆಬೊರಾ ಸೇರಿದ್ದಾಳೆ. ನೆರಾ, ಡೆಬೊರಾ ಸಾಹುಕಾರನ ಮನೆಯವರು, ಮಾವನ ಕಡೆಯಿಂದ ಉಡುಗೊರೆ ಬರುತ್ತದೆ. ನಾನು ಬಿಯಾಂಕಳನ್ನೇ ಮಾಡಿಕೊಂಡೆ. ರಿಬ್ಬನ್ ನೋಡಿದ ಮೇಲೂ ಉಡುಗೊರೆ ಲೆಕ್ಕ ಹಾಕುವುದಾ?

ಮೂಲದಲ್ಲಿ ಜಗಳಕ್ಕೆ ಮೂವರೇ ಇಳಿಯಬಹುದಿತ್ತು. ಹೊಸದರಲ್ಲಿ ನಾಲ್ವರು. ಗುಂಡಿ ಒತ್ತಿದರೆ ಜೊತೆಯವರು ಆಗಿಂದಾಗ ಏನು ಅನ್ನಿಸುತ್ತಿದೆ ಅಂತ ಹೇಳುತ್ತಾರೆ. ಮರುನಿರ್ಮಾಣ ಅಂದರೆ ನನಗೆ ಇಷ್ಟೇ ಬೇಕು. ಎಲುಬು ಹಳೇದೇ ಇರಲಿ, ಮಂಡಿನೋವು ಮಾತ್ರ ಹೋಗಲಿ.

ಅರ್ಧರ್ಧ ಗಂಟೆ ಆಡುವವರಿಗೆ ದೊಡ್ಡ ಕಾಟ ಮರೆವು. ಶುಕ್ರವಾರ ಬಿಟ್ಟಿದ್ದನ್ನು ಸೋಮವಾರ ತೆರೆದರೆ ಎಲ್ಲಿಗೆ ಹೊರಟಿದ್ದೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೆ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್. ಒಂದು ಪುಟದಲ್ಲಿ ಹೀಗಿದೆ: "ಹೊಲ ಹಾಳು — ಗುಹೆ ಪಶ್ಚಿಮಕ್ಕೆ — ಮೂಲಿಕೆ 6 ತಗೋ — ರಿಬ್ಬನ್ ಮಾರಬೇಡ!!" ಅದರ ಕೆಳಗೆ ಹಾಲಿನವನ ಲೆಕ್ಕ. ಇನ್ನೊಂದು ನಿಯಮ, ಒಂದು ಆಟ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ವಾರಪತ್ರಿಕೆಯ ಧಾರಾವಾಹಿ ಕಂತು ಕಂತಾಗಿ ಓದಿದ ಹಾಗೆ. ಎರಡು ಒಟ್ಟಿಗೆ ಹಿಡಿದರೆ ಎರಡೂ ಕೈಬಿಡುತ್ತವೆ.

ಮುಚ್ಚಳ ನಂಬಿ ಕೆಟ್ಟದ್ದೂ ಇದೆ. ಫೈನಲ್ ಫ್ಯಾಂಟಸಿ 3, 1990ರ ಆಟ, 2006ರಲ್ಲಿ ಡಿಎಸ್‌ಗೆ ಮೂರು ಆಯಾಮದಲ್ಲಿ ಬಂತು. ಕೊನೆಯ ಗೋಪುರ ಹತ್ತಿದ ಮೇಲೆ ಆಟ ಉಳಿಸಿಕೊಳ್ಳುವ ತಾಣ ಒಂದೂ ಇಲ್ಲ. ಮುಚ್ಚಿ ತೆರೆದು, ಮುಚ್ಚಿ ತೆರೆದು ಮೂರು ದಿನದ ಮೆಟ್ರೋ ಪ್ರಯಾಣದಲ್ಲಿ ತುದಿ ಮುಟ್ಟಿದೆ. ಅಲ್ಲಿ ಕಾದಿದ್ದ ಕೊನೆಯ ಶತ್ರು ಕ್ಲೌಡ್ ಆಫ್ ಡಾರ್ಕ್‌ನೆಸ್ ಎಲ್ಲರ ಮೇಲೂ ಒಟ್ಟಿಗೆ ಬೀಳುವ ಬೆಳಕಿನ ಬಾಣ ಬಿಟ್ಟು ನನ್ನ ತಂಡದ ನಾಲ್ವರನ್ನೂ ಮಲಗಿಸಿತು. ಮುಚ್ಚಳ ನಿದ್ದೆ ಮಾಡಿಸುತ್ತದೆ, ಸಾವು ತಪ್ಪಿಸುತ್ತದಾ? ಮೂರು ದಿನ ನೀರಿಗೆ ಹೋಯಿತು. ತಪ್ಪು ನನ್ನದೇ, ಬಲ ಬೆಳೆಸಿಕೊಳ್ಳದೆ ಓಡಿದ್ದೆ. ಎರಡನೇ ಸಲ ಇಬ್ಬರನ್ನು ವಾಸಿ ಮಾಡುವ ಕಸುಬಿಗೇ ಹಾಕಿ, ಭಾನುವಾರ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿಕೊಂಡು ಒಂದೇ ಪಟ್ಟಿಗೆ ಮುಗಿಸಿದೆ.

ಫೈನಲ್ ಫ್ಯಾಂಟಸಿ 4 ಇನ್ನೂ ಬಿರುಸು. ಡಿಎಸ್‌ಗೆ ತರುವಾಗ ಅದನ್ನು ಮೂಲಕ್ಕಿಂತ ಕಷ್ಟ ಮಾಡಿದ್ದಾರೆ. ಹೊಸಬರು ಅದರಿಂದ ಶುರು ಮಾಡಬೇಡಿ. ಡ್ರ್ಯಾಗನ್ ಕ್ವೆಸ್ಟ್ 4ರಿಂದ ಮಾಡಿ. ಅದರಲ್ಲಿ ಒಂದು ನಾಡಿನವರು ಸ್ಕಾಟ್‌ಲೆಂಡಿನ ಧಾಟಿಯಲ್ಲಿ ಮಾತಾಡಿದರೆ ಇನ್ನೊಂದು ನಾಡಿನವರು ರಷ್ಯದವರ ಇಂಗ್ಲಿಷ್ ಆಡುತ್ತಾರೆ. ಮೊದಲು ಓದಲು ಕಷ್ಟ, ತುಟಿ ಅಲ್ಲಾಡಿಸಿ ಓದಿದರೆ ಅರ್ಥ ಆಗುತ್ತದೆ. ಕನ್ನಡಕ್ಕೆ ತಂದಿದ್ದರೆ ಯಾರಿಗೆ ಧಾರವಾಡ, ಯಾರಿಗೆ ಮಂಗಳೂರು, ಯಾರಿಗೆ ಮಂಡ್ಯ ಕೊಡಬಹುದಿತ್ತು ಅಂತ ಒಂದು ಸಂಜೆ ಪೂರ್ತಿ ಯೋಚಿಸಿದ್ದೇನೆ. ಸ್ಟೇಷನ್ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಈ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಬಂದಿದ್ದಳು, ಹತ್ತು ವರ್ಷ. ಡಿಎಸ್ ಕಿತ್ತುಕೊಂಡು ಡ್ರ್ಯಾಗನ್ ಕ್ವೆಸ್ಟ್ 5 ಶುರು ಮಾಡಿದಳು. ಹಾಸಿಗೆ ಮೇಲೆ ಬೋರಲು ಮಲಗಿ ಆಡುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಮಾಮ, ಈ ಅಪ್ಪ ಯಾವಾಗ್ಲೂ ನನಗೇ ವಾಸಿ ಮಾಡ್ತಾನಲ್ಲ, ಅವನಿಗೇನೂ ಆಗಲ್ವಾ?"

"ಆಡು, ಆಡು," ಅಂದೆ. ಚಾರ್ಜರ್ ತಂದು ಅವಳ ಪಕ್ಕ ಇಟ್ಟೆ.