ಲಿವರ್‌ಗೆ 'ಬೆಳೆ' ಅಂತ ಹೇಳುವುದು ಯಾರು?

ಇಲಿಯ ಲಿವರ್‌ನ ಮೂರರಲ್ಲಿ ಎರಡು ಭಾಗ ತೆಗೆದರೂ ಏಳರಿಂದ ಹತ್ತು ದಿನದಲ್ಲಿ ಅದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬರುತ್ತದೆ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ವಿವರಿಸಿದ ಆ ವಿಧಾನವನ್ನೇ ನಾನು ಪಿಎಚ್‌ಡಿಗಾಗಿ ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಲ್ಯಾಬಿನಲ್ಲಿ ಮಾಡಿದೆ. ಉಳಿದ ಲಿವರ್‌ಗೆ ಬೆಳೆಯಲು ಹೇಳುವ ಸುದ್ದಿ ಯಾವಾಗ ಬರುತ್ತದೆ ಅನ್ನುವುದು ನನ್ನ ಪ್ರಶ್ನೆ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆ ಶುರು ಮಾಡಿದೆವು. ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಲಿವರ್‌ನ ನಡುವಿನ ಹಾಲೆ (ಅಂದರೆ ಭಾಗ) ಮತ್ತು ಎಡಗಡೆಯ ಹಾಲೆಯನ್ನು ಮೆಲ್ಲಗೆ ಹೊರಗೆ ತರಬೇಕು. ಬುಡಕ್ಕೆ ರೇಷ್ಮೆ ದಾರ ಕಟ್ಟಿ ಕತ್ತರಿಸಬೇಕು. ಎಲ್ಲ ಕಷ್ಟ ಇರುವುದು ಆ ಗಂಟಿನಲ್ಲಿ. ತೀರಾ ಬುಡಕ್ಕೆ ಬಿಗಿದರೆ ಹಿಂದಿರುವ ದೊಡ್ಡ ರಕ್ತನಾಳ ಅಮುಕಿ ಹೋಗುತ್ತದೆ. ಮೊದಲ ಎರಡು ಇಲಿಗಳನ್ನು ನಾನು ಹಾಗೇ ಕಳೆದುಕೊಂಡೆ. ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಸ್ವಲ್ಪ ಜಾಗ ಬಿಟ್ಟೇ ಕಟ್ಟಿದೆ. ಸರ್ಜರಿ ಆದ ಇಲಿಗಳಿಗೆ ಕುಡಿಯುವ ನೀರಲ್ಲಿ ಗ್ಲೂಕೋಸ್ ಹಾಕಿದೆ. ಲಿವರ್ ಕಮ್ಮಿಯಾದಾಗ ರಕ್ತದ ಸಕ್ಕರೆ ಇಳಿಯುತ್ತದೆ ಅಲ್ವಾ?

ಮೊದಲ ಸಲ ರಕ್ತ ತೆಗೆದದ್ದು 24 ಮತ್ತು 48ನೇ ಗಂಟೆಗೆ. ಕೋಶಗಳ ನಡುವೆ ಸುದ್ದಿ ಒಯ್ಯುವ ಇಂಟರ್‌ಲ್ಯೂಕಿನ್-6 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಎಲೈಸಾ ಪರೀಕ್ಷೆ ಮಾಡಿದರೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ನನ್ನ ಗೈಡ್ ಹಾಳೆ ನೋಡಿ, "ಸುದ್ದಿ ತಂದವ ಹೋಗಿ ಆಯ್ತು ಮಾರಾಯಾ, ನೀನು ಬಂದದ್ದು ತಡ" ಅಂದರು.

ಲಿವರ್‌ನೊಳಗಿನ ಕುಪ್ಫರ್ ಕೋಶಗಳು, ಅಂದರೆ ಅಲ್ಲಿನ ರಕ್ಷಣಾ ಕೋಶಗಳು, ಮೊದಲ ಕೆಲವೇ ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-6 ಮತ್ತು ಅಂಥದ್ದೇ ಇನ್ನೊಂದು ಸುದ್ದಿಗಾರ ಪ್ರೋಟೀನ್ ಟಿಎನ್‌ಎಫ್ ಹೊರಡಿಸುತ್ತವೆ. ಮಲಗಿದ್ದ ಲಿವರ್ ಕೋಶಗಳು ಎಚ್ಚರಾಗುವುದು ಅವುಗಳಿಂದ. ಎದ್ದ ಮೇಲೆ ಎರಡಾಗಿ ಒಡೆಯಲು ಬೇರೆ ಸುದ್ದಿ ಬೇಕು. ಅದರಲ್ಲಿ ಮುಖ್ಯವಾದದ್ದು ಎಚ್‌ಜಿಎಫ್, ಲಿವರ್ ಕೋಶಗಳನ್ನು ಬೆಳೆಸುವ ಪ್ರೋಟೀನ್. 1984ರಲ್ಲಿ ಜಪಾನಿನ ನಕಮುರಾ ತಂಡ ಅದನ್ನು ಗುರುತಿಸಿದ್ದೂ ಲಿವರ್ ಕತ್ತರಿಸಿದ ಇಲಿಗಳ ರಕ್ತದಲ್ಲೇ. ಗದ್ದೆ ಹದ ಮಾಡುವುದು ಒಂದು ಕೆಲಸ, ನೇಜಿ ನೆಡುವುದು ಇನ್ನೊಂದು.

ಎರಡನೇ ಸಲ 2, 4, 6, 12ನೇ ಗಂಟೆಗೆ ಬೇರೆ ಬೇರೆ ಇಲಿಗಳ ರಕ್ತ ತೆಗೆದೆ. ಬೆಳಿಗ್ಗೆ ಒಂಬತ್ತಕ್ಕೆ ಸರ್ಜರಿ, ಕೊನೆಯ ರಕ್ತ ರಾತ್ರಿ ಒಂಬತ್ತಕ್ಕೆ. ಹೊರಗೆ ಜೂನ್ ಮಳೆ. ಮಂಗಳೂರಿನ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸು ತಪ್ಪಿ ಲ್ಯಾಬಿನಲ್ಲೇ ಮಲಗಿದೆ. ಈ ಸಲ ಆರನೇ ಗಂಟೆಗೆ ಇಂಟರ್‌ಲ್ಯೂಕಿನ್-6 ಚೆನ್ನಾಗಿ ಏರಿತ್ತು. ತುಂಬ ಖುಷಿಯಾಯಿತು.

ಆದರೆ ಹೋಲಿಕೆಗಾಗಿ, ಲಿವರ್ ಕತ್ತರಿಸದೆ ಸುಮ್ನೆ ಹೊಟ್ಟೆ ತೆರೆದು ಹೊಲಿದ ಇಲಿಗಳಲ್ಲೂ ಅದು ಏರಿತ್ತು, ಸ್ವಲ್ಪ ಕಮ್ಮಿ ಅಷ್ಟೇ. ಗಾಯವಾದರೆ ಸಾಕು, ದೇಹ ಆ ಸುದ್ದಿ ಹೊರಡಿಸುತ್ತದೆ. 24ನೇ ಗಂಟೆಯ ಲಿವರ್ ತುಂಡುಗಳಿಗೆ, ಒಡೆಯಲು ಹೊರಟ ಕೋಶಗಳನ್ನು ಕಂದಾಗಿ ತೋರಿಸುವ ಕೆಐ-67 ಬಣ್ಣ ಹಾಕಿ ನೋಡಿದೆ. ಲಿವರ್ ತೆಗೆದ ಇಲಿಗಳಲ್ಲಿ ಕಂದು ಚುಕ್ಕೆಗಳು ತುಂಬಿದ್ದವು. ಬರೀ ಹೊಲಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಎಚ್ಚರಾದದ್ದೆಲ್ಲ ಬೆಳೆಯುವುದಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ಈ ಹೋಲಿಕೆಯ ಗುಂಪು ಇಟ್ಟುಕೊಳ್ಳದೆ ಯಾರೂ ಈ ಕೆಲಸಕ್ಕೆ ಇಳಿಯಬೇಡಿ.

ಏಳನೇ ದಿನ ತೂಕ ಹಾಕುವಾಗ ಲ್ಯಾಬಿನ ಅಟೆಂಡರ್ ಬಗ್ಗಿ ನೋಡಿ, "ಕತ್ತರಿಸಿದ್ದು ಪುನಃ ಬರ್ಲಿಲ್ಲ ಅಲ್ವಾ ಸರ್?" ಅಂತ ಕೇಳಿದರು. ಸರಿಯಾಗಿಯೇ ನೋಡಿದ್ದರು. ಹೋದ ಹಾಲೆ ಮತ್ತೆ ಚಿಗುರುವುದಿಲ್ಲ, ಉಳಿದವೇ ಉಬ್ಬಿ ದಪ್ಪವಾಗುತ್ತವೆ. "ಮತ್ತೆ ಸಾಕು ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ?" ಅಂದರು. ಬೆಳವಣಿಗೆ ನಿಲ್ಲಿಸುವ ಆ ಕೆಲಸದಲ್ಲಿ ಟಿಜಿಎಫ್-ಬೀಟಾ ಅನ್ನುವ ಪ್ರೋಟೀನಿನ ಪಾಲಿದೆ. ಅದನ್ನು ಅಳೆಯಲೆಂದೇ ಆ ದಿನದ ತುಂಡುಗಳನ್ನು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಎತ್ತಿಟ್ಟಿದ್ದೇನೆ.