ಮಿಕ್ಕಿಯ ಸಾಲಿನಲ್ಲಿ ದೊಡ್ಡವರು: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೊಂದು ಕೈಪಿಡಿ

ಥೀಮ್ ಪಾರ್ಕುಗಳಲ್ಲಿ ಮಿಕ್ಕಿ ಮೌಸ್‌ನಂಥ ಪಾತ್ರಗಳ ವೇಷ ತೊಟ್ಟವರು, ಸಾಲಿನಲ್ಲಿ ನಿಂತವರನ್ನು ಸರದಿಯಂತೆ ಭೇಟಿಯಾಗುತ್ತಾರೆ. ಹಾಗೆ ಮಿಕ್ಕಿ ಎದುರಾದರೆ ನಮ್ಮ ಕಡೆಯ ದೊಡ್ಡವರು ಮಗುವನ್ನು ಮುಂದೆ ತಳ್ಳಿ, ತಾವು ಫೋನ್ ಹಿಡಿದು ಆಚೆ ನಿಲ್ಲುತ್ತಾರೆ. ಜೊತೆಗೆ ಮಗು ಇಲ್ಲದಿದ್ದರೆ ಸಾಲಿನ ಹತ್ತಿರವೂ ಸುಳಿಯುವುದಿಲ್ಲ. ಹಾಗೆ ಸಂಕೋಚ ಪಡುವ ಅಗತ್ಯವೇ ಇಲ್ಲ. ಸಾಲಿಗೆ ವಯಸ್ಸಿನ ಮಿತಿ ಇಲ್ಲ, ಮಗು ಜೊತೆಗಿರಬೇಕೆಂಬ ನಿಯಮವೂ ಇಲ್ಲ. ದಸರೆಯಲ್ಲಿ ಗಾರುಡಿ ಗೊಂಬೆ ಬೀದಿಗೆ ಬಂದಾಗ ಒಳಗೆ ಬಿದಿರಿನ ಚೌಕಟ್ಟು ಹೊತ್ತ ಮನುಷ್ಯನಿದ್ದಾನೆ ಎಂದು ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಗೊತ್ತಿಲ್ಲವೇ? ಆದರೂ ಗೊಂಬೆ ಬಗ್ಗಿ ತಲೆ ತೂಗಿದರೆ ಅಜ್ಜನೂ ತಲೆ ತೂಗುತ್ತಾನೆ. ಥೀಮ್ ಪಾರ್ಕಿನಲ್ಲಿ ನಡೆಯುವುದೂ ಅದೇ.

ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ವೇಷಧಾರಿ ತನ್ನ ಪಾಲಿನ ಆಟ ಹೊತ್ತು ತಂದಿರುತ್ತಾರೆ. ನಿಮ್ಮ ಪಾಲಿನದನ್ನು ನೀವು ಒಯ್ಯಬೇಕು. ಮುಂದೆ ಹೇಳುವ ತಯಾರಿಯೆಲ್ಲ ಅದಕ್ಕಾಗಿಯೇ.

ಎಲ್ಲಿಗೆ, ಹೇಗೆ

ಮೊದಲ ಸಲಕ್ಕೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಒಳ್ಳೆಯದು. 2005ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಪಾರ್ಕು ಉಳಿದ ಡಿಸ್ನಿ ಪಾರ್ಕುಗಳ ಮುಂದೆ ಚಿಕ್ಕದು. ಒಂದು ಪಾತ್ರದ ಭೇಟಿಯ ಜಾಗದಿಂದ ಇನ್ನೊಂದಕ್ಕೆ ನಡೆಯುವ ದೂರ ಕಡಿಮೆ. ಸನ್ನಿ ಬೇ ನಿಲ್ದಾಣದಲ್ಲಿ ಇಳಿದರೆ ಪಾರ್ಕಿಗೆಂದೇ ಇರುವ ಮೆಟ್ರೊ ಸಿಗುತ್ತದೆ, ಅದರ ಕಿಟಕಿಗಳೂ ಮಿಕ್ಕಿಯ ತಲೆಯ ಆಕಾರದವು. 2023ರ ನವೆಂಬರ್‌ನಲ್ಲಿ ತೆರೆದ, ‘ಫ್ರೋಜನ್’ ಸಿನಿಮಾದ ಲೋಕವನ್ನು ಕಟ್ಟಿಕೊಡುವ ‘ವರ್ಲ್ಡ್ ಆಫ್ ಫ್ರೋಜನ್’ ಇರುವುದೂ ಇಲ್ಲೇ. ಸಿನಿಮಾದ ಹಳದಿ ಪುಟಾಣಿ ಮಿನಿಯನ್‌ಗಳು, ಟಿವಿಯ ‘ಸೆಸಮೆ ಸ್ಟ್ರೀಟ್’ ಗೊಂಬೆಗಳು ಇಷ್ಟವಾದರೆ ಸಿಂಗಪುರದ ಸೆಂಟೋಸಾ ದ್ವೀಪದಲ್ಲಿರುವ ಯುನಿವರ್ಸಲ್ ಸ್ಟುಡಿಯೋಸ್‌ಗೆ ಹೋಗಿ. 1983ರಿಂದ ನಡೆಯುತ್ತಿರುವ ಟೋಕಿಯೊ ಡಿಸ್ನಿಲ್ಯಾಂಡ್ ಎರಡನೇ ಪ್ರವಾಸಕ್ಕಿರಲಿ. ಅಲ್ಲಿ ದೊಡ್ಡವರ ಸಂಖ್ಯೆಯೇ ಹೆಚ್ಚು, ಸಂಕೋಚ ತಾನಾಗಿ ಹೋಗುತ್ತದೆ. ಆದರೆ ಸಾಲುಗಳು ಉದ್ದ, ಆ್ಯಪ್‌ನ ವ್ಯವಹಾರವೂ ಜಾಸ್ತಿ.

ದೇಶದೊಳಗೇ ನೋಡುವವರಿಗೆ ಮಹಾರಾಷ್ಟ್ರದ ಖೋಪೋಲಿ ಹತ್ತಿರದ ಇಮ್ಯಾಜಿಕಾ ಪಾರ್ಕು ಇದೆ. ದಾವಣಗೆರೆ ಬದಿಯಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 48 ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಪುಣೆ ಮುಟ್ಟಿಸುತ್ತದೆ, ಅಲ್ಲಿಂದ ಮುಂಬೈ ಎಕ್ಸ್‌ಪ್ರೆಸ್‌ವೇ. ಬಿಡದಿಯ ವಂಡರ್‌ಲಾ ಮುಖ್ಯವಾಗಿ ರೈಡು, ನೀರಾಟದ ಜಾಗ. ವೇಷಧಾರಿಗಳ ಭೇಟಿಗೆಂದೇ ಅಲ್ಲಿಗೆ ಹೋಗಬೇಕಿಲ್ಲ.

ಹಾಂಗ್‌ಕಾಂಗ್‌ಗೆ ಪ್ರವಾಸಕ್ಕೆ ಹೋಗುವ ಭಾರತೀಯರು 2017ರಿಂದ ಆನ್‌ಲೈನ್‌ನಲ್ಲಿ ಪ್ರೀ-ಅರೈವಲ್ ರಿಜಿಸ್ಟ್ರೇಷನ್, ಅಂದರೆ ಹೊರಡುವ ಮುಂಚಿನ ನೋಂದಣಿ, ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲ. ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಒಂದು ಸಲ ಹೋದರೆ 14 ದಿನದವರೆಗೆ ಇರಬಹುದು. ನಮ್ಮವರು ಎಡವುವುದು ಹೆಸರಿನಲ್ಲಿ. ಊರಿನ ಹೆಸರು, ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬಳಸುವ ನಮ್ಮಲ್ಲಿ ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುತ್ತದೆ. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟುಗಳೂ ಬೇಕಾದಷ್ಟಿವೆ. ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ತುಂಬಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ವಿಮಾನದ ಕೌಂಟರಿನಲ್ಲೇ ತಡೆಯಬಹುದು. ಒಪ್ಪಿಗೆಯ ಚೀಟಿಯನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಸಹಿ ಹಾಕಿ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ಬೆಂಗಳೂರಿನ ಟ್ರಾಫಿಕ್ಕಿಗೆ ಇಳಿಯಬೇಡಿ. ಹಿರಿಯೂರು, ಶಿರಾ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ.

ಕಾಲದ ಬಗ್ಗೆ ಒಂದು ಮಾತು. ಹಾಂಗ್‌ಕಾಂಗ್‌ನ ಬೇಸಿಗೆಯಲ್ಲಿ ಸೆಕೆ, ಮಳೆ, ಚಂಡಮಾರುತ ಮೂರೂ ಇರುತ್ತವೆ. ಮಳೆ ಬಂದರೆ ಬಯಲಿನ ಭೇಟಿಗಳು ನಿಲ್ಲುತ್ತವೆ, ಒದ್ದೆ ನೆಲ ವೇಷಧಾರಿಗೆ ಅಪಾಯ. ನವೆಂಬರ್‌ನಿಂದ ಜನವರಿವರೆಗೆ ತಂಪು.

ಬಾಯಿ ಇರುವವರು, ಇಲ್ಲದವರು

ವೇಷಧಾರಿಗಳಲ್ಲಿ ಎರಡು ಜಾತಿ. ಮಿಕ್ಕಿ, ಗೂಫಿ, ಡಫಿ ಕರಡಿಯಂಥವರು ತಲೆಯಿಂದ ಪಾದದವರೆಗೆ ಮುಚ್ಚಿದ ವೇಷದವರು. ಸಾಮಾನ್ಯವಾಗಿ ಇವರು ಮಾತಾಡುವುದಿಲ್ಲ, ಎಲ್ಲವೂ ಮೈಯ ಸನ್ನೆ. ರಾಜಕುಮಾರಿಯರು, ‘ಫ್ರೋಜನ್’ನ ಹಿಮದ ರಾಣಿ ಎಲ್ಸಾ, ಅವಳ ತಂಗಿ ಅನ್ನಾ ತಮ್ಮ ಮುಖದಲ್ಲೇ ಬರುವವರು, ಮಾತಾಡುತ್ತಾರೆ. ಇವೆರಡಕ್ಕೂ ಒಂದೇ ತಯಾರಿ ಸಾಲದು.

ಮುಚ್ಚಿದ ವೇಷದೊಳಗಿನಿಂದ ಕಾಣುವುದು ಬಹಳ ಕಡಿಮೆ. ಎಷ್ಟೋ ವೇಷಗಳಲ್ಲಿ ನೋಡುವ ಜಾಗ ಬಾಯಿಯ ಜಾಲರಿ, ನಾವು ಕಣ್ಣು ಅಂದುಕೊಂಡದ್ದಲ್ಲ. ಬದಿಯದೂ ಕೆಳಗಿನದೂ ಕಾಣುವುದಿಲ್ಲ. ಒಳಗಿನ ಬಿಸಿ ನಮ್ಮ ಏಪ್ರಿಲ್ ಮಧ್ಯಾಹ್ನವನ್ನು ಮೀರಿಸುತ್ತದೆ. ಆದ್ದರಿಂದಲೇ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಳಗೆ ಹೋಗಿ ದಣಿವಾರಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಸಾಮಾನ್ಯ ಸಮವಸ್ತ್ರದಲ್ಲಿ ನಿಂತವರು ಅವರ ಕಣ್ಣು, ಕಿವಿ, ಬಾಯಿ ಇದ್ದಂತೆ. ಅವರು ‘ಸಾಕು’ ಎಂದರೆ ಸಾಕು. ಅವರ ಜೊತೆ ವಾದಕ್ಕಿಳಿಯಬೇಡಿ.

ಉಡುಪು, ಕೈಚೀಲ

ವೇಷ ತೊಟ್ಟು ಹೋಗುವ ಆಸೆ ಇದ್ದರೆ ಮೊದಲು ಆ ಪಾರ್ಕಿನ ನಿಯಮ ಓದಿ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 14 ವರ್ಷ ತುಂಬಿದವರು ಮಾಮೂಲಿ ದಿನಗಳಲ್ಲಿ ಪಾತ್ರದ ವೇಷ ಹಾಕುವಂತಿಲ್ಲ, ಬೇರೆಯವರು ನಿಮ್ಮನ್ನೇ ಪಾರ್ಕಿನ ಪಾತ್ರವೆಂದು ತಿಳಿದುಬಿಡುತ್ತಾರೆ. ಇದಕ್ಕಿಂತ ಚೆಂದದ ದಾರಿ ಬಣ್ಣದ ಹೊಂದಾಣಿಕೆ. ಸ್ನೋ ವೈಟ್‌ಗೆ ಹಳದಿ ಸೀರೆ, ನೀಲಿ ಕುಪ್ಪಸ, ತಲೆಗೊಂದು ಕೆಂಪು ರಿಬ್ಬನ್. ಮಿಕ್ಕಿಗೆ ಕಪ್ಪು ಅಂಗಿ, ಕೆಂಪು ಪ್ಯಾಂಟು, ಹಳದಿ ಬೂಟು. ವೇಷಧಾರಿಗಳು ಇದನ್ನು ದೂರದಿಂದಲೇ ಗುರುತಿಸುತ್ತಾರೆ. ತನ್ನ ಚಡ್ಡಿ ತೋರಿಸಿ, ನಿಮ್ಮ ಪ್ಯಾಂಟು ತೋರಿಸಿ, ಮಿಕ್ಕಿ ತಾನೇ ಆಟ ಶುರು ಮಾಡುತ್ತಾನೆ. ಸೀರೆ ಉಡುವವರು ಹತ್ತಿಯದನ್ನೇ ಉಡಿ. ಮೊಳಕಾಲ್ಮೂರು ರೇಷ್ಮೆ ಎಷ್ಟೇ ಚೆಂದವಿರಲಿ, ದಿನಕ್ಕೆ ಹತ್ತು ಹನ್ನೆರಡು ಸಾವಿರ ಹೆಜ್ಜೆ ಹಾಕುವ ಸೆಕೆಯಲ್ಲಿ ಅದಕ್ಕೂ ಕಷ್ಟ, ನಿಮಗೂ ಕಷ್ಟ.

ನಮ್ಮವರೇ ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಪುಡಿ ಕುಂಕುಮ, ವಿಭೂತಿ, ತಲೆಯ ಎಣ್ಣೆ, ಇವು ಅಪ್ಪಿಕೊಂಡಾಗ ವೇಷಕ್ಕೆ ಮೆತ್ತುತ್ತವೆ. ಕುಂಕುಮ ಬಿಳಿ ಕೈಗವಸಿನ ಮೇಲೆ, ವಿಭೂತಿ ಕಪ್ಪು ತುಪ್ಪಟದ ಮೇಲೆ ಎದ್ದು ಕಾಣುತ್ತದೆ. ಆ ದಿನ ಸ್ಟಿಕರ್ ಬಿಂದಿ ಇಟ್ಟುಕೊಳ್ಳಿ. ವಿಭೂತಿ ಹಚ್ಚುವವರು ಅಪ್ಪುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿದರೆ ಸಾಕು. ಸೆರಗಿನ ಪಿನ್ನು ಹೊರಗೆ ಚಾಚಿಕೊಂಡಿದ್ದರೆ ತುಪ್ಪಟಕ್ಕೆ ಸಿಕ್ಕಿ ಎರಡೂ ಕಡೆ ಹರಿಯುತ್ತದೆ, ಒಳಗಿನಿಂದ ಹಾಕಿ. ತಿಂಡಿ ತಿಂದ ಕೈಯನ್ನು ಒದ್ದೆ ಟಿಶ್ಯೂನಲ್ಲಿ ಒರೆಸಿಯೇ ಕೈ ಕೊಡಿ.

ಸೆಲ್ಫಿ ಸ್ಟಿಕ್ ಒಯ್ಯಬೇಡಿ, 2015ರಿಂದ ಡಿಸ್ನಿ ಪಾರ್ಕುಗಳಲ್ಲಿ ಅದಕ್ಕೆ ನಿಷೇಧವಿದೆ.

ಸಾಲಿನ ಲೆಕ್ಕ

ಹಿಂದಿನ ರಾತ್ರಿ ಪಾರ್ಕಿನ ಆ್ಯಪ್‌ನಲ್ಲಿ ಭೇಟಿಯ ವೇಳೆ ನೋಡಿ, ಬೆಳಿಗ್ಗೆ ಗೇಟಿನಲ್ಲಿ ಮತ್ತೊಮ್ಮೆ ನೋಡಿ, ವೇಳೆ ಬದಲಾಗುತ್ತಿರುತ್ತದೆ. ತೆರೆಯುವ ಮುಕ್ಕಾಲು ಗಂಟೆ ಮುಂಚೆಯೇ ಗೇಟಿನಲ್ಲಿರಿ. ಮೊದಲ ಒಂದು ಗಂಟೆ ಜನ ರೈಡುಗಳ ಕಡೆ ಓಡುತ್ತಾರೆ, ಪಾತ್ರಗಳ ಸಾಲು ಆಗ ಚಿಕ್ಕದಿರುತ್ತದೆ.

ಸಾಲಿನಲ್ಲಿ ತಲೆ ಎಣಿಸಬೇಡಿ, ಗುಂಪು ಎಣಿಸಿ. ಒಂದು ಕುಟುಂಬಕ್ಕೆ ಸುಮಾರು ಒಂದೂವರೆ ನಿಮಿಷ ಹಿಡಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಗುಂಪು. ನಿಮ್ಮ ಮುಂದೆ ಐವತ್ತು ಜನ ಇದ್ದರೂ ಅವರು ಹನ್ನೆರಡು ಗುಂಪಾದರೆ ಧೈರ್ಯವಾಗಿ ನಿಲ್ಲಿ. ಮೂವತ್ತು ಜೋಡಿಗಳಿದ್ದರೆ ವಿರಾಮಕ್ಕೆ ಸಿಕ್ಕಿಬೀಳುತ್ತೀರಿ. ಸಾಲನ್ನು ಮುಗಿಯುವ ವೇಳೆಗಿಂತ ಮುಂಚೆಯೇ ಮುಚ್ಚುತ್ತಾರೆ. ಕೊನೆಯಲ್ಲಿ ಸಿಬ್ಬಂದಿ ನಿಂತಿದ್ದರೆ ಅಲ್ಲಿಗೆ ಮುಗಿಯಿತು. ಮುಂದಿನ ವೇಳೆ ಕೇಳಿಕೊಂಡು ಅದಕ್ಕೆ ಇಪ್ಪತ್ತು ನಿಮಿಷ ಮುಂಚೆ ಬನ್ನಿ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಪಾತ್ರಗಳೇ ಮೇಜಿಗೆ ಬರುವ ಊಟದ ಹೋಟೆಲು ಬುಕ್ ಮಾಡಿ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಹೋಟೆಲಿನ ಎನ್‌ಚಾಂಟೆಡ್ ಗಾರ್ಡನ್ ಅಂಥದ್ದು. ಇದಕ್ಕೆ ಬೇರೆ ದುಡ್ಡು. ಅಲ್ಲಿ ಆಗುವ ಎಡವಟ್ಟು ಒಂದೇ: ಎಲ್ಲರೂ ಬಫೆಗೆ ಎದ್ದುಹೋದಾಗ ಗೂಫಿ ಬಂದು ಖಾಲಿ ಕುರ್ಚಿ ನೋಡಿ ಮುಂದೆ ಹೋಗಿರುತ್ತಾನೆ. ಒಬ್ಬರಾದರೂ ಮೇಜಿನಲ್ಲಿರಿ. ಸಸ್ಯಾಹಾರವೆಂದರೆ ಮೊಟ್ಟೆ, ಮೀನೂ ಬೇಡವೆಂದು ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ.

ಆ ಒಂದೂವರೆ ನಿಮಿಷ

ಇಲ್ಲಿಯೇ ದೊಡ್ಡವರು ತಡವರಿಸುವುದು. ನಿಮ್ಮ ಸರದಿ ಬಂದಾಗ ನೇರ ಎದುರಿನಿಂದ, ನಿಧಾನವಾಗಿ, ಕೈ ಕಾಣುವಂತೆ ಹೋಗಿ. ಬದಿಯಿಂದ ನುಗ್ಗಿದರೆ ಅವರಿಗೆ ನೀವು ಕಾಣುವುದೇ ಇಲ್ಲ. ಎರಡು ಹೆಜ್ಜೆ ದೂರದಲ್ಲಿ ನಿಂತು ಮೊದಲು ನಮಸ್ಕಾರ ಮಾಡಿ. ಮಾತಾಡದ ವೇಷಧಾರಿಗಳಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ, ಇದು ಸನ್ನೆಗೆ ಸನ್ನೆ. ಮಿಕ್ಕಿಯ ಕೈಗೆ ಹೆಬ್ಬೆರಳು ಸೇರಿ ನಾಲ್ಕೇ ಬೆರಳು, ದಪ್ಪ ಬಿಳಿ ಗವಸು. ಆ ಎರಡು ಕೈ ಮೆಲ್ಲಗೆ ಹತ್ತಿರ ಬಂದು, ಬೆರಳು ಬೆರಳಿಗೆ ತಾಗಿ, ದೊಡ್ಡ ತಲೆ ಕಿವಿಗಳ ಸಮೇತ ಮುಂದಕ್ಕೆ ಬಾಗುವುದನ್ನು ಹತ್ತಿರದಿಂದ ನೋಡಬೇಕು. ಬಿಗಿದುಕೊಂಡಿದ್ದ ಭುಜ ಅಷ್ಟರಲ್ಲೇ ಸಡಿಲವಾಗುತ್ತದೆ.

ಆಮೇಲೆ ನೀವು ತಂದ ಒಂದು ಸಂಗತಿಯನ್ನು ಮುಂದಿಡಿ. ಒಂದೇ ಸಾಕು. ಮಾತಾಡದವರಿಗೆ ಹೌದು–ಅಲ್ಲ, ಅದು–ಇದು ಎಂದು ಸನ್ನೆಯಲ್ಲೇ ಉತ್ತರಿಸಬಹುದಾದ ಪ್ರಶ್ನೆ ಬೇಕು. ‘ಹೇಗಿದ್ದೀಯ, ಏನು ಸಮಾಚಾರ’ ಎಂದರೆ ಅವರು ಹೆಬ್ಬೆರಳು ಎತ್ತಿ ಸುಮ್ಮನಾಗಬೇಕಾಗುತ್ತದೆ. ಅದರ ಬದಲು ‘ಇವತ್ತು ಹುಟ್ಟುಹಬ್ಬ, ಒಂದು ಹೆಜ್ಜೆ ಕುಣಿಯೋಣವೇ?’ ಎಂದರೆ ಆಟ ಹುಟ್ಟುತ್ತದೆ. ಎರಡು ಕೈಯಲ್ಲಿ ಎರಡು ಬಣ್ಣದ ಕರವಸ್ತ್ರ ಹಿಡಿದು ‘ಯಾವುದು ಮಿನ್ನಿಗೆ?’ ಎಂದು ಕೇಳಿ, ಆರಿಸುವಾಗ ಗಲ್ಲಕ್ಕೆ ಕೈಯಿಟ್ಟು ಯೋಚಿಸುವ ರೀತಿಯನ್ನೇ ನೋಡಿ. ಭಾಷೆ ಬಾರದಿದ್ದರೆ ಚಿಂತೆಯಿಲ್ಲ, ಎರಡು ಕರವಸ್ತ್ರ ಎತ್ತಿದರೆ ಯಾವ ದೇಶದಲ್ಲೂ ಅರ್ಥವಾಗುತ್ತದೆ.

ಮಾತಾಡುವವರ ಹತ್ತಿರ ಅವರ ಕಥೆಯೊಳಗಿನ ಪ್ರಶ್ನೆ ಕೇಳಿ. ಎಲ್ಸಾಗೆ ‘ನಮ್ಮೂರಲ್ಲಿ ಹಿಮವೇ ಬೀಳುವುದಿಲ್ಲ, ಬೇಸಿಗೆಯಲ್ಲಿ ನೆತ್ತಿ ಸುಡುತ್ತದೆ, ಒಂದು ವಾರ ಬರುತ್ತೀಯಾ?’ ಎಂದರೆ ಅವಳಿಗೆ ಹೇಳಲು ಬೇಕಾದಷ್ಟಿದೆ. ‘ನಿಮ್ಮ ನಿಜವಾದ ಹೆಸರೇನು, ಸಂಬಳ ಎಷ್ಟು, ಸೆಕೆಯಾಗುವುದಿಲ್ಲವೇ’ ಎಂದು ಕೇಳಿದರೆ ಆಟ ಅಲ್ಲೇ ಸಾಯುತ್ತದೆ. ನಾಲ್ಕು ಸಾಲು ಇಂಗ್ಲಿಷಿನಲ್ಲಿ ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು.

ಅಪ್ಪಿಕೊಳ್ಳಬೇಕೆನಿಸಿದರೆ ಕೈ ಅಗಲಿಸಿ ನಿಲ್ಲಿ, ಅವರೂ ಅಗಲಿಸಿದರೆ ಮುಂದೆ ಹೋಗಿ. ಇಲ್ಲವಾದರೆ ಕೈ ಕುಲುಕಿ. ಸೊಂಟ ಹಿಡಿಯುವುದು, ಕೆನ್ನೆಗೆ ಕೆನ್ನೆ ತಾಗಿಸುವುದು, ಬಾಲ, ಕಿವಿ ಎಳೆಯುವುದು, ಬೆನ್ನು ತಟ್ಟುವುದು ಯಾವುದೂ ಸಲ್ಲದು. ವೇಷದೊಳಗೆ ಇರುವವರು ಹೆಣ್ಣೋ ಗಂಡೋ ನಿಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹಗಲುವೇಷದವರು ಮನೆ ಬಾಗಿಲಿಗೆ ಬಂದರೆ ಅಕ್ಕಿಯೋ ದುಡ್ಡೋ ಕೊಡುವುದು ನಮ್ಮ ಪದ್ಧತಿ. ಇಲ್ಲಿ ದುಡ್ಡು, ತಿಂಡಿ ಕೊಡಬೇಡಿ. ನೀವೇ ಬರೆದ ಚಿತ್ರ ಅಥವಾ ಚಿಕ್ಕ ಕಾಗದ ತೋರಿಸಿದರೆ ಅದನ್ನು ಎದೆಗೊತ್ತಿಕೊಳ್ಳುತ್ತಾರೆ.

ಫೋಟೊ, ಸಹಿ

ಸೆಲ್ಫಿ ಚೆನ್ನಾಗಿ ಬರುವುದಿಲ್ಲ. ವೇಷದ ತಲೆ ಅಗಲ, ನಿಮ್ಮ ತೋಳು ಗಿಡ್ಡ, ಒಂದು ಕಿವಿಯಾದರೂ ಕತ್ತರಿಸಿಹೋಗುತ್ತದೆ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನಲ್ಲಾದರೆ ಸಿಬ್ಬಂದಿಗೆ ಫೋನ್ ಕೊಟ್ಟು ಕೇಳಿಕೊಳ್ಳಿ. ಲೆನ್ಸ್ ಒರೆಸಿ, ಕ್ಯಾಮೆರಾ ತೆರೆದೇ ಕೊಡಿ, ಲಾಕ್ ಬಿಡಿಸುವುದರಲ್ಲಿ ಹತ್ತು ಸೆಕೆಂಡು ಹೋದರೆ ಅದು ನಿಮ್ಮದೇ ಹತ್ತು ಸೆಕೆಂಡು. ಜೊತೆಯವರು ತೆಗೆಯುವುದಾದರೆ ಎರಡು ಮೀಟರ್ ದೂರ, ಫೋನ್ ಲಂಬವಾಗಿ, ಫ್ಲಾಶ್ ಬೇಡ, ಬಿಳಿ ಗವಸು ಬೆಳಕಿಗೆ ಸುಟ್ಟಂತೆ ಕಾಣುತ್ತದೆ. ನಾವು ಸಾಲಾಗಿ ನಿಂತ ಫೋಟೊಗಿಂತ ವಿಡಿಯೊ ಬೆಲೆಬಾಳುವಂಥದ್ದು. ಮಾತಿಲ್ಲದವರ ಅಭಿನಯವೆಲ್ಲ ಚಲನೆಯಲ್ಲಿದೆ.

ಎಲ್ಲ ಪಾರ್ಕುಗಳಲ್ಲೂ ಸಹಿ ಹಾಕುವುದಿಲ್ಲ, ಸಾಲು ಸೇರುವ ಮುಂಚೆ ಸಿಬ್ಬಂದಿಯನ್ನು ಕೇಳಿ. ಹಾಕುವುದಾದರೆ ಬಾಲ್ ಪೆನ್ ಬೇಡ, ದಪ್ಪ ಗವಸಿನಲ್ಲಿ ಜಾರುತ್ತದೆ. ಹೆಬ್ಬೆರಳ ಗಾತ್ರದ ಮಾರ್ಕರ್ ಒಯ್ಯಿರಿ. ಮುಚ್ಚಳ ತೆಗೆದು, ಗಟ್ಟಿ ರಟ್ಟಿನ ಪುಸ್ತಕವನ್ನು ಖಾಲಿ ಪುಟಕ್ಕೆ ತೆರೆದು, ಅವರ ಎದೆಯ ಮಟ್ಟಕ್ಕೆ ಸ್ವಲ್ಪ ಓರೆಯಾಗಿ ಹಿಡಿದುಕೊಳ್ಳಿ. ಕೆಳಗೆ ಹಿಡಿದರೆ ಅವರಿಗೆ ಪುಟ ಕಾಣದು. ಮಾರ್ಕರ್ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ಒಂದು ಹಾಳೆಗೆ ಒಂದೇ ಸಹಿ ಹಾಕಿಸಿ.

ಊರಲ್ಲೇ ಅಭ್ಯಾಸ

ಸಂಕೋಚ ಬಿಡಿಸಿಕೊಳ್ಳಲು ಹಾಂಗ್‌ಕಾಂಗ್‌ವರೆಗೆ ಕಾಯಬೇಕಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ಹೊಸ ಅಂಗಡಿಯ ಪ್ರಾರಂಭದಲ್ಲಿ ಬಾಡಿಗೆಯ ಗೊಂಬೆವೇಷ ಹಾಕಿದವರು ನಿಂತಿರುತ್ತಾರೆ. ಎದುರಿನಿಂದ ಹೋಗಿ, ನಮಸ್ಕಾರ ಮಾಡಿ, ಕೈ ಕುಲುಕಿ, ಒಂದು ಹೆಜ್ಜೆ ಕುಣಿಯಿರಿ. ಪಾರ್ಕಿನವರಿಗಿರುವಂತೆ ಇವರಿಗೆ ಪಕ್ಕದಲ್ಲಿ ನಿಂತು ಕಾಯುವವರಿಲ್ಲ, ವಿರಾಮದ ಲೆಕ್ಕವಿಲ್ಲ, ಹುಡುಗರು ಹಿಂದಿನಿಂದ ಬಂದು ಗುದ್ದುತ್ತಾರೆ. ನಿಮ್ಮದೇ ಸಮಾರಂಭಕ್ಕೆ ಕರೆಸಿದ್ದರೆ ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ. ತಲೆ ಬಿಚ್ಚುವಾಗ ಮಕ್ಕಳು ನೋಡದಂತೆ ಬಾಗಿಲು ಹಾಕಿ. ಉಪ್ಪು ಹಾಕಿದ ನಿಂಬೆ ಪಾನಕವನ್ನೋ ಮಜ್ಜಿಗೆಯನ್ನೋ ಕೊಡಿ. ಒಳಗಿರುವವರ ಹೆಸರು ಕೇಳಬೇಕಾದದ್ದು, ಊಟ ಆಯಿತೇ ಎಂದು ವಿಚಾರಿಸಬೇಕಾದದ್ದು ಆ ಕೋಣೆಯಲ್ಲಿ.