ಡಬ್ಬಾ ಟಿವಿ ಹೊತ್ತುಕೊಂಡು ಹೋದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಅದಕ್ಕೂ ಮೊದಲು ಅದೇ ಜಾಗದಲ್ಲಿ ನಮ್ಮಪ್ಪ ಟಿವಿ ರಿಪೇರಿ ಮಾಡುತ್ತಿದ್ದರು. ಅವರ ಕಾಲದ ಮೂರು ಡಬ್ಬಾ ಟಿವಿ ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಾ ಕೂತಿದ್ದವು. ಗುಜರಿಯವನು ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದ. ಪುಣ್ಯಕ್ಕೆ ಕೊಟ್ಟಿರಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ ಹಳೇ ವಸ್ತು ಕೂಡಿಡುವವರೆಲ್ಲ ಸೇರಿ ಎರಡು ದಿನದ ಪ್ರದರ್ಶನ ಇಟ್ಟುಕೊಂಡಿದ್ದರು. ನಿಜಾಮರ ಕಾಲದ ಹಾಲಿ ಸಿಕ್ಕಾ ನಾಣ್ಯ, ಸ್ಟ್ಯಾಂಪು, ಗಡಿಯಾರ, ರೇಡಿಯೋ, ಹಿಂಗೆ. "ನಿನ್ನ ವಿಡಿಯೋ ಗೇಮೂ ಹಳೇವೇ ಅಲ್ಲೇನು? ನೀನೂ ಒಂದು ಟೇಬಲ್ ಹಿಡಿ" ಅಂದ ಗೆಳೆಯ. ಏಪ್ರಿಲ್‌ನಲ್ಲೇ ಹೂಂ ಅಂದುಬಿಟ್ಟೆ. ಎಂಟು ತಿಂಗಳು ಇದೆಯಲ್ಲ ಅನ್ನೋ ಧೈರ್ಯ.

ಅಷ್ಟೊತ್ತಿಗೆ ನನ್ನ ಹತ್ತಿರ ಇದ್ದದ್ದು ನಲವತ್ತರ ಮೇಲೆ ಗೇಮ್ ಕ್ಯಾಸೆಟ್, ಮೂರು ನಕಲಿ ಟಿವಿ ಗೇಮ್, ತೆರೆಗೆ ಗುರಿಯಿಟ್ಟು ಆಡುವ ಒಂದು ಗನ್, ಪೆನ್ಸಿಲ್ ಸೆಲ್ ಹಾಕುವ ನಾಲ್ಕು ಬ್ರಿಕ್ ಗೇಮ್, ಮತ್ತೆ ಗೆಳೆಯನ ತಮ್ಮ ಜಪಾನಿನಿಂದ ತಂದುಕೊಟ್ಟ ಒಂದು ಅಸಲಿ ಫ್ಯಾಮಿಕಾಮ್. ನಿಂಟೆಂಡೊ ಕಂಪನಿ ಈ ಟಿವಿ ಗೇಮನ್ನು ಜಪಾನಿನಲ್ಲಿ ಬಿಟ್ಟದ್ದು 1983ರಲ್ಲಿ. ನಾವು ತೊಂಬತ್ತರ ದಶಕದಲ್ಲಿ ತಾಸಿನ ಲೆಕ್ಕಕ್ಕೆ ಬಾಡಿಗೆ ಕೊಟ್ಟು ಆಡಿದ ಟಿವಿ ಗೇಮ್‌ಗಳೆಲ್ಲ ಇದರ ನಕಲು. ಅಸಲಿಯಲ್ಲಿ ಲೆಕ್ಕ ಮಾಡುವ ಚಿಪ್ ಬೇರೆ, ಚಿತ್ರ ಬಿಡಿಸುವ ಚಿಪ್ ಬೇರೆ. ಆಮೇಲಾಮೇಲೆ ಬಂದ ನಕಲಿಗಳನ್ನು ಬಿಚ್ಚಿದರೆ ಬೋರ್ಡಿನ ನಡುವೆ ಡಾಂಬರು ಹಚ್ಚಿದಂಥ ಒಂದು ಕಪ್ಪು ಬೊಟ್ಟು ಮಾತ್ರ ಕಾಣುತ್ತದೆ. ಎಲ್ಲವೂ ಅದರ ಕೆಳಗೇ. ಕ್ಯಾಸೆಟ್ ಮಾತ್ರ ಎರಡಕ್ಕೂ ಒಂದೇ, 60 ಪಿನ್ನಿನದು. ನಕಲಿ ಮಾಲಿನ ಮೇಲೆ ನಮ್ಮ ಬಾಲ್ಯ ನಡೆದದ್ದಕ್ಕೆ ನನಗಂತೂ ನಾಚಿಕೆ ಇಲ್ಲ. ಅಸಲಿ ತರಿಸುವಷ್ಟು ರೊಕ್ಕ ನಮ್ಮ ಓಣಿಯಲ್ಲಿ ಯಾರ ಹತ್ತಿರ ಇತ್ತು?

ಈ ಪ್ರದರ್ಶನಕ್ಕೂ ಮೊದಲು ಹೈದರಾಬಾದಿನಲ್ಲಿ ಇಂಥದ್ದೇ ಒಂದು ಕೂಟಕ್ಕೆ ಹೋಗಿ ಬಂದಿದ್ದೆ, ಸುಮ್ನೆ ನೋಡಲಿಕ್ಕೆ. ಎಂಥೆಂಥ ಮಾಲು ಇತ್ತು ಅಂತೀರಿ! ಆದರೆ ಎಲ್ಲವೂ ಗಾಜಿನ ಒಳಗೆ. ಅರ್ಧ ತಾಸಿಗೆ ಬೇಜಾರಾಗಿ ಹೊರಗೆ ಬಂದು ಚಹಾ ಕುಡಿದೆ. ನನ್ನ ಟೇಬಲ್‌ನಲ್ಲಿ ಏನಿದ್ದರೂ ಕೈಗೆ ಕೊಡೋದು ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಕೈಗೆ ಕೊಡಬೇಕು ಅಂದರೆ ನೆಟ್ಟಗೆ ಕಾಣಬೇಕು. ಮೊದಲು ಹಿಡಿದದ್ದು ಹಳದಿ ಬಣ್ಣ. ಬಿಳಿ ಇದ್ದ ಗೇಮ್ ಡಬ್ಬಿಗಳು ಬೀಡಿ ಸೇದುವವರ ಹಲ್ಲಿನ ಥರ ಆಗಿದ್ದವು. ಬೆಂಕಿ ಬೇಗ ಹತ್ತಬಾರದು ಅಂತ ಇಂಥ ಪ್ಲಾಸ್ಟಿಕ್‌ಗೆ ಬ್ರೋಮಿನ್ ಇರುವ ರಾಸಾಯನಿಕ ಸೇರಿಸುವುದುಂಟು. ವರ್ಷಗಟ್ಟಲೆ ಬೆಳಕು, ಸೆಕೆ ತಾಗಿ ಅದೇ ಹಳದಿಯಾಗಲು ಒಂದು ಕಾರಣ ಅಂತಾರೆ. ಇದಕ್ಕೆ ಮದ್ದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. ಪೆರಾಕ್ಸೈಡ್ ಬ್ಯೂಟಿ ಪಾರ್ಲರ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಕೂದಲಿಗೆ ಬಣ್ಣ ಹಚ್ಚುವಾಗ ಕಲೆಸುವ ಕ್ರೀಮು. '40 ವಾಲ್ಯೂಮ್' ಅಂದರೆ ಶೇ. 12ರದ್ದು. ಬಿಸಿಲಂತೂ ಕಲಬುರಗಿಯಲ್ಲಿ ಪುಕ್ಕಟೆ.

ಅಲ್ಲೇ ಎಡವಿದ್ದು. ಕ್ರೀಮು ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಮಟಮಟ ಮಧ್ಯಾಹ್ನ ಮಾಳಿಗೆ ಮೇಲೆ ಇಟ್ಟೆ. ಅವ್ವ ಮೇಲೆ ಬಂದು, "ಸಂಡಿಗಿ ಒಣಗ್ಸೋ ಜಾಗದಾಗ ಇದೇನಿಟ್ಟೀಯೋ?" ಅಂತ ಬೈದಳು. ಏಪ್ರಿಲ್ ಬಿಸಿಲಿಗೆ ಕ್ರೀಮು ಒಂದು ಕಡೆ ಒಣಗಿ, ಇನ್ನೊಂದು ಕಡೆ ಹಸಿಯಾಗೇ ಉಳಿದು, ಬಿಚ್ಚಿ ನೋಡಿದರೆ ಡಬ್ಬಿ ಮೇಲೆ ಮೋಡದಂಥ ಕಲೆ. ಅದು ಇವತ್ತಿಗೂ ಹೋಗಿಲ್ಲ. ಎರಡನೇ ಡಬ್ಬಿಗೆ ಬುದ್ಧಿ ಬಂತು. ನೀರಿನಂಥ ಪೆರಾಕ್ಸೈಡ್ ತಂದು, ಪಾರದರ್ಶಕ ಡಬ್ಬದಲ್ಲಿ ಪೂರ್ತಿ ಮುಳುಗಿಸಿ, ಬೆಳಗಿನ ಎಳೆ ಬಿಸಿಲಿಗೆ ಇಟ್ಟು, ತಾಸಿಗೊಮ್ಮೆ ತಿರುವಿ ಹಾಕಿದೆ. ಮೂರು ದಿನಕ್ಕೆ ಹೊಸದರ ಹಾಗಾಯಿತು. ಕೈಗೆ ಗ್ಲೌಸ್ ಹಾಕಲೇಬೇಕು. ಇಲ್ಲದಿದ್ದರೆ ಬೆರಳ ತುದಿ ಬೆಳ್ಳಗಾಗಿ ಉರಿಯುತ್ತದೆ. ಹೌದು, ಹಾಕದೇ ಮಾಡಿದ್ದೆ.

ಅಸಲಿ ಫ್ಯಾಮಿಕಾಮ್ ಕಥೆ ಬೇರೆ. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ಅದರ ಜೊತೆ ಬಂದ ಅಡಾಪ್ಟರನ್ನು ನೇರ ಚುಚ್ಚಿದರೆ ಹೊಗೆ ಗ್ಯಾರಂಟಿ. ಅಡಾಪ್ಟರ್ ಬದಲಿಸಿದರೂ ಇನ್ನೊಂದು ಗುಂಡಿ ಕಾದಿರುತ್ತದೆ. ಅದರ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್, ಈಗಿನ ಬಹಳಷ್ಟು ಅಡಾಪ್ಟರ್‌ಗಳಿಗೆ ಉಲ್ಟಾ. ಯಾವ ಹಳೇ ಗೇಮೇ ಆಗಲಿ, ಮಲ್ಟಿಮೀಟರ್ ಹಿಡಿಯದೆ ಕರೆಂಟು ಕೊಡಬೇಡಿ. ಇಷ್ಟಾದ ಮೇಲೂ ನಮ್ಮ ಟಿವಿಯಲ್ಲಿ ಚಿತ್ರ ಬರಲಿಲ್ಲ. ಅದು ಆಂಟೆನಾ ವೈರಿನಲ್ಲಿ ಮಾತ್ರ ಚಿತ್ರ ಕಳಿಸುತ್ತದೆ, ಅದೂ ಜಪಾನಿನ ಚಾನೆಲ್‌ಗಳ ಫ್ರೀಕ್ವೆನ್ಸಿಯಲ್ಲಿ. ಒಳಗೆ ಒಂದು ಟ್ರಾನ್ಸಿಸ್ಟರ್ ಬೆಸುಗೆ ಹಾಕಿ, ಎವಿ ವೈರ್ ಹೊರಗೆ ತೆಗೆದು, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಚಿತ್ರವನ್ನೂ ತಗೊಳ್ಳುವ 21 ಇಂಚಿನ ಟಿವಿಗೆ ಕೊಟ್ಟಾಗಲೇ ಬಣ್ಣ ಬಂದದ್ದು.

ಡಬ್ಬಾ ಟಿವಿ ಯಾಕೆ ಬೇಕು, ಎಲ್‌ಇಡಿ ಒಯ್ದರೆ ಆಗಲ್ವಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. 21 ಇಂಚಿನದು 20 ಕೆಜಿಗೂ ಜಾಸ್ತಿ ತೂಗುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ ಅಂತ ಭಾವನ ಮನೆಯ 32 ಇಂಚಿನ ಎಲ್‌ಇಡಿಯನ್ನೂ ಎರಡು ದಿನಕ್ಕೆ ಕಡ ತಂದೆ. ಮೂರು ಡಬ್ಬಾ ಟಿವಿಗಳಲ್ಲಿ ಒಂದು ಸತ್ತಿತ್ತು, ಅದರ ಬಿಡಿಭಾಗ ಕಿತ್ತು ಉಳಿದೆರಡನ್ನು ಎಬ್ಬಿಸಿದ್ದಾಗಿತ್ತು. ಟಂಟಂ ಆಟೋದಲ್ಲಿ ಅವ್ವನ ಹಳೇ ಕೌದಿ ಹಾಸಿ, ಟಿವಿಗಳ ಗಾಜಿನ ಮುಖವನ್ನು ಸೀಟಿನ ಬೆನ್ನಿಗೆ ಒತ್ತಿ ಇಟ್ಟೆ. ಭಾರವೆಲ್ಲ ಮುಂದಿನ ಗಾಜಿನಲ್ಲೇ ಇರುತ್ತದೆ. ಹಿಂದಿನ ಕೊಳವೆಯ ಕತ್ತು ಮಾತ್ರ ಬಲು ಸೂಕ್ಷ್ಮ, ಅದಕ್ಕೆ ಪೆಟ್ಟು ಬಿದ್ದರೆ ಕಥೆ ಮುಗೀತು.

ಮೊದಲ ದಿನ ಬೆಳಿಗ್ಗೆ ಎಲ್ಲ ಜೋಡಿಸಿ ಸ್ವಿಚ್ ಹಾಕಿದೆ. ಮಾರಿಯೋ ಬಂದ. ಆದರೆ ತೆರೆಯ ಬಲಗಡೆ ಆಕಾಶ ನೀಲಿ ಬಿಟ್ಟು ಹಸಿರು, ಹಳದಿ. ಎದೆ ಧಸಕ್ಕೆಂದಿತು. ದಾರಿಯಲ್ಲಿ ಎಲ್ಲಿಯೋ ಕುಕ್ಕಿದೆ ಅಂದುಕೊಂಡೆ. ಪಕ್ಕದ ಟೇಬಲ್‌ನಲ್ಲಿ ಹಳೇ ರೇಡಿಯೋ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಇಣುಕಿ ನೋಡಿ, "ಏ ತಮ್ಮಾ, ನಿನ್ನ ಟಿವಿಗೆ ಕಾಮಾಲಿ ಆಗ್ಯಾದ ನೋಡು" ಅಂದರು. ಅವರ ಮಾತಿಗೆ ನಗು ಬಂತು, ಜೊತೆಗೆ ಕಣ್ಣು ಅವರ ಟೇಬಲ್ ಮೇಲೆ ಹೋಯಿತು. ನನ್ನ ಟಿವಿಗೆ ಅಂಟಿಕೊಂಡೇ ಅವರ ದೊಡ್ಡ ರೇಡಿಯೋ. ಅದರ ಸ್ಪೀಕರ್‌ನ ಅಯಸ್ಕಾಂತ ನನ್ನ ತೆರೆಯ ಬಣ್ಣ ಎಳೆಯುತ್ತಿತ್ತು!

"ಕಾಕಾರ, ಆ ರೇಡಿಯೋ ಸ್ವಲ್ಪ ಆಚಿ ಕಡಿಗಿ ಇಡ್ತೀರೇನ್ರಿ?" ಅಂದೆ. ಇಟ್ಟರು. ಟಿವಿ ಆರಿಸಿ ಅರ್ಧ ತಾಸು ಆರಲು ಬಿಟ್ಟೆ. ತಣ್ಣಗಾದ ಟಿವಿಗೆ ಸ್ವಿಚ್ ಹಾಕಿದಾಗ 'ಡಂಯ್' ಅಂತ ಒಂದು ಸದ್ದು ಬರುತ್ತದಲ್ಲ, ಅದು ತೆರೆ ಸುತ್ತಲಿನ ಸುರುಳಿ ತನ್ನ ಅಯಸ್ಕಾಂತದ ಕಲೆ ತಾನೇ ತೊಳೆದುಕೊಳ್ಳುವ ಸದ್ದು. ಎರಡು ಸಲಕ್ಕೆ ಕಾಮಾಲೆ ಇಳಿಯಿತು. ಆ ಅರ್ಧ ತಾಸು ಕಾಕಾ ತಮ್ಮ ಹಳ್ಳಿಗೆ 1975ರಲ್ಲೇ ಟಿವಿ ಬಂದ ಕಥೆ ಹೇಳಿದರು. ನಿಜ ಅದು. ಆಗ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ ಒಂದು ವರ್ಷದ ಪ್ರಯೋಗ ನಡೆದಿತ್ತು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಕೋಳಿ ಜಾಲರಿಯಿಂದ ಮಾಡಿದ ಡಿಶ್ಶು. ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರಲ್ಲಿ. ಕಾಕಾ ಅದನ್ನು ಎರಡು ದಿನದಲ್ಲಿ ಕನಿಷ್ಠ ಹತ್ತು ಜನರಿಗೆ ಹೇಳಿದರು.

ಜನ ಸೇರಿದ್ದು ಬಾತುಕೋಳಿ ಹೊಡೆಯುವ ಆಟಕ್ಕೆ. ಒಂದೇ ಗೇಮ್‌ನ ವೈರ್ ಕವಲು ಮಾಡಿ 14 ಇಂಚಿನ ಡಬ್ಬಾ ಟಿವಿಗೂ ಪಕ್ಕದ ಎಲ್‌ಇಡಿಗೂ ಕೊಟ್ಟಿದ್ದೆ. ಚಿತ್ರ ಸ್ವಲ್ಪ ಮಂಕಾಯಿತು, ಬ್ರೈಟ್‌ನೆಸ್ ಏರಿಸಿದೆ. ಮಕ್ಕಳೆಲ್ಲ ಮೊದಲು ಓಡಿದ್ದು ಎಲ್‌ಇಡಿ ಹತ್ತಿರ, ದೊಡ್ಡದಲ್ವಾ. ಗನ್ನಿನ ನಳಿಗೆ ತೆರೆಗೆ ಮುಟ್ಟಿಸಿ ಹೊಡೆದರೂ ಒಂದೂ ಬಾತುಕೋಳಿ ಬೀಳಲಿಲ್ಲ. "ಅಂಕಲ್, ಗನ್ ಕೆಟ್ಟದೆ" ಅಂದ ಒಬ್ಬ. ಅದೇ ಗನ್ ಡಬ್ಬಾ ಟಿವಿ ಕಡೆ ತಿರುಗಿಸಿ ನಾನು ಒಂದು ಹೊಡೆದೆ. ಬಿತ್ತು.

ಯಾಕೆ ಅಂತ ಹೇಳುವ ಕೆಲಸ ನನಗೆ ಉಳಿಯಲಿಲ್ಲ. ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್‌ನಲ್ಲಿ ಸ್ಲೋ ಮೋಷನ್ ಹಾಕಿ ಡಬ್ಬಾ ಟಿವಿಯ ತೆರೆ ಚಿತ್ರೀಕರಿಸಿದ. ಟ್ರಿಗರ್ ಒತ್ತಿದ ಕೂಡಲೇ ತೆರೆ ಪೂರ್ತಿ ಕಪ್ಪು. ಅದರ ಹಿಂದೆಯೇ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಆಮೇಲೆ ಮತ್ತೆ ಮೊದಲಿನಂತೆ ಹುಲ್ಲು, ಆಕಾಶ. ಬರಿಗಣ್ಣಿಗೆ ಇದು ಒಂದು ಮಿಣುಕು ಅಷ್ಟೆ. ಗನ್ನಿನಿಂದ ಏನೂ ಹೊರಗೆ ಹೋಗಲ್ಲ. ಅದರ ನಳಿಗೆಯಲ್ಲಿ ಬೆಳಕು ಹಿಡಿಯುವ ಒಂದು ಕಣ್ಣಿದೆ, ಮೊದಲು ಕತ್ತಲು ಆಮೇಲೆ ಬಿಳುಪು ಕಂಡರೆ ಗುರಿ ಸರಿ ಅಂತ ಲೆಕ್ಕ. ಎಲ್‌ಇಡಿ ಚಿತ್ರವನ್ನು ತನ್ನ ಪದ್ಧತಿಗೆ ಬದಲಿಸಿಕೊಂಡು ತೋರಿಸುವಷ್ಟರಲ್ಲಿ ಗನ್ನು ನೋಡಿ ಮುಗಿಸಿರುತ್ತದೆ. ಆ ಹುಡುಗ ತನ್ನ ವಿಡಿಯೋವನ್ನು ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸುತ್ತಾ ನಿಂತ. ಆಮೇಲೆ ಎಲ್‌ಇಡಿ ಮುಂದೆ ಒಬ್ಬರೂ ಇಲ್ಲ. ಸಂಜೆ ಭಾವ ಬಂದು ನೋಡಿ, "ನನ್ನ ಟಿವಿ ಮರ್ಯಾದಿ ತೆಗಿಲಿಕ್ಕೆ ಒಯ್ದಿ ಏನಪ್ಪ?" ಅಂದರು.

ನಲವತ್ತರ ಆಸುಪಾಸಿನವರು ಬೇರೆ ಜಾತಿ. ಅವರಿಗೆ ಬೇಕಾದದ್ದು ಕಾಂಟ್ರಾ ಅನ್ನೋ ಗುಂಡು ಹಾರಿಸುವ ಆಟ. ಇಬ್ಬರು ಗೆಳೆಯರು, ಒಬ್ಬ ಬ್ಯಾಂಕಿನವ, ಇನ್ನೊಬ್ಬನದು ಗಂಜ್‌ನಲ್ಲಿ ತೊಗರಿ ವ್ಯಾಪಾರ. ರಿಮೋಟ್ ಕೈಗೆ ಬಂದದ್ದೇ ತಡ, ಏನೂ ಮಾತಾಡದೆ ಒಬ್ಬನ ಹೆಬ್ಬೆರಳು ತಾನೇ ಓಡಿತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹಿಂಗೆ ಒತ್ತಿದರೆ ಆ ಆಟದಲ್ಲಿ 30 ಜೀವ. "ಇಬ್ಬರದಂದ್ರ ಸೆಲೆಕ್ಟ್ ಒತ್ತಲೇ!" ಅಂತ ಇನ್ನೊಬ್ಬ ಕೂಗಿದ. ಹೆಂಡತಿಯ ಫೋನ್ ನಂಬರ್ ನೆನಪಿಲ್ಲ, ಇದು ನೆನಪಿದೆ ನೋಡ್ರಿ ಅಂತ ತೊಗರಿ ವ್ಯಾಪಾರಿ ನನ್ನ ಕಡೆ ತಿರುಗಿ ನಕ್ಕ.

ಅದೇ ಬ್ಯಾಂಕಿನವ ಆಮೇಲೆ ಅಸಲಿ ಫ್ಯಾಮಿಕಾಮ್‌ನಲ್ಲಿ ಮಾರಿಯೋ ಹಾಕಿ ನಿಂತು, "ಇದ್ಯಾಕ ಹಿಂಗ ಓಡ್ಲಿಕತ್ತದ? ನಮ್ಮ ಮಾರಿಯೋ ಇಷ್ಟು ಜೋರಿರಲಿಲ್ಲ" ಅಂದ. ಅವನ ಕಿವಿ ಭಾರಿ ಚುರುಕು. ಜಪಾನಿನದು ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಗಾಗಿ ಮಾಡಿದ ನಕಲಿಗಳು 50 ಸಲ. ಹಾಡೂ ಆ ಲೆಕ್ಕದಲ್ಲೇ ನಿಧಾನ. ನಾವು ಚಿಕ್ಕಂದಿನಲ್ಲಿ ಕೇಳಿದ್ದೇ ನಿಧಾನದ ಮಾರಿಯೋ. ನಕಲಿಗೆ ಹೋಗಿ ಕೇಳಿ, "ಹಾಂ, ಇದು ನಮ್ಮದು" ಅಂದ.

ಒಂದು ವಿಷಯಕ್ಕೆ ಮಾತ್ರ ಎರಡೂ ದಿನ ಜಗಳ. ಕ್ಯಾಸೆಟ್ ಕೈಗೆ ಬಂದ ಕೂಡಲೇ ಎಲ್ಲರೂ ಬಾಯಿಗೆ ಹಿಡಿದು ಫೂ ಅಂತ ಊದುತ್ತಾರೆ. 'ಊದಬೇಡಿ' ಅಂತ ಬೋರ್ಡ್ ಬರೆದು ಇಟ್ಟಿದ್ದೆ, ಬೋರ್ಡ್ ಓದಿಕೊಂಡೇ ಊದುತ್ತಿದ್ದರು. ಬಾಯಿಯ ತೇವ ತಾಗಿ ಪಿನ್ನು ಕಿಲುಬು ಹಿಡಿಯುತ್ತದೆ. ಆಗ ಊದಿದ ಮೇಲೆ ಆಟ ಬರುತ್ತಿತ್ತಲ್ಲ ಅಂದರೆ, ತೆಗೆದು ಮತ್ತೆ ಚುಚ್ಚಿದ್ದರಿಂದ ಪಿನ್ನು ಸರಿಯಾಗಿ ಕೂತು ಬರುತ್ತಿತ್ತು. ನಾನು ಮೊಬೈಲ್ ಬೋರ್ಡ್ ತೊಳೆಯುವ ಐಪಿಎ ಅನ್ನೋ ಸ್ಪಿರಿಟ್ ಮತ್ತು ಕಿವಿ ಕಡ್ಡಿ ಇಟ್ಟುಕೊಂಡಿದ್ದೆ. ಪಿನ್ನಿನ ಮೇಲೆ ನಾಲ್ಕು ಸಲ ಉಜ್ಜಿದರೆ ಹತ್ತಿ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಅದನ್ನು ತೋರಿಸಿದ ಮೇಲೆ ಅರ್ಧ ಜನ ನಂಬಿದರು.

ಎರಡನೇ ದಿನ ಮಧ್ಯಾಹ್ನ ಒಬ್ಬ ಹಿರಿಯರು ಬಂದರು. ಆಡಲಿಲ್ಲ, ಸುಮ್ನೆ ನಿಂತು ನೋಡಿದರು. ಆಮೇಲೆ ಗೊತ್ತಾಯಿತು, ಒಂದು ಕಾಲಕ್ಕೆ ಆಳಂದ ರಸ್ತೆ ಕಡೆ ತಾಸಿನ ಲೆಕ್ಕದಲ್ಲಿ ಗೇಮ್ ಆಡಿಸುತ್ತಿದ್ದವರು. ಆರು ಟಿವಿ ಇದ್ದವಂತೆ. ಕಂಪ್ಯೂಟರ್ ಬಂದ ಮೇಲೆ ಹುಡುಗರು ಬರಲಿಲ್ಲ, ಎಲ್ಲವನ್ನೂ ತೂಕಕ್ಕೆ ಹಾಕಿದರಂತೆ. "9999 ಆಟ" ಅಂತ ಲೇಬಲ್ ಇದ್ದ ಕ್ಯಾಸೆಟ್ ಎತ್ತಿಕೊಂಡು, "ಇದರಾಗ ಖರೇ ಎಷ್ಟವ ಗೊತ್ತೇನು?" ಅಂತ ಕೇಳಿದರು. ನನಗೆ ಗೊತ್ತಿತ್ತು, ಎಣಿಸಿದ್ದೆ. ಆ ಕ್ಯಾಸೆಟ್‌ನಲ್ಲಿ ಇದ್ದದ್ದು ಎಂಟು. ಅವೇ ಹೆಸರು ಬದಲಿಸಿ, ಬೇರೆ ಬೇರೆ ಹಂತದಿಂದ ಶುರುವಾಗುತ್ತವೆ. "ನಾನು ಹುಡುಗರಿಗೆ ಹೇಳ್ತಿರಲಿಲ್ಲ. ಹುಡುಕ್ತಾ ಹುಡುಕ್ತಾ ತಾಸು ಮುಗೀತಿತ್ತು" ಅಂದು ಹೊರಟರು. ಅವರ ಹತ್ತಿರ ಒಂದು ಫೋಟೋ ತೆಗೆಸಿಕೊಳ್ಳಬೇಕಿತ್ತು. ಆಗ ಗನ್ನಿನ ವೈರ್ ಕಿತ್ತಿತ್ತು, ಅದರ ಗಡಿಬಿಡಿಯಲ್ಲಿದ್ದೆ.

ಮುಂದಿನ ಸಲಕ್ಕೆ ಇನ್ನೊಂದು ಗನ್ ಹುಡುಕಬೇಕು, ಎರಡು ಎಕ್ಸ್‌ಟೆನ್ಷನ್ ಬೋರ್ಡ್ ಜಾಸ್ತಿ ಒಯ್ಯಬೇಕು, ಊಟಕ್ಕೆ ಹೋಗುವಾಗ ಕೂರಿಸಲು ಒಬ್ಬ ಜೊತೆಗಾರ ಬೇಕು. ಎರಡೂ ದಿನ ಮಿರ್ಚಿ ಭಜಿಯಲ್ಲೇ ಕಳೆದೆ.

ರಾತ್ರಿ ವಾಪಸ್ ಬಂದಾಗ 21 ಇಂಚಿನ ಟಿವಿಯನ್ನು ಮತ್ತೆ ಅಂಗಡಿಯ ಹಿಂದಿನ ಕೋಣೆಗೆ ಒಯ್ಯುವಷ್ಟು ಸೊಂಟದಲ್ಲಿ ಶಕ್ತಿ ಇರಲಿಲ್ಲ. ಮನೆಯ ಪಡಸಾಲೆಯಲ್ಲೇ ಇಳಿಸಿದೆ, ನಾಳೆ ಒಯ್ದರಾಯಿತು ಅಂತ. ಮರುದಿನ ನೋಡಿದರೆ ಅವ್ವ ಮೊಮ್ಮಗನ ಕೈಯಲ್ಲಿ ಸೆಟ್ ಟಾಪ್ ಬಾಕ್ಸಿನ ಹಳದಿ ವೈರ್ ಅದಕ್ಕೆ ಚುಚ್ಚಿಸಿದ್ದಳು. ಇದರಲ್ಲಿ ಬಣ್ಣ ಛಲೋ ಕಾಣುತ್ತವಂತೆ. ಈಗ ನಾನು ಮಾರಿಯೋ ಆಡಬೇಕೆಂದರೆ ಅವಳ ಧಾರಾವಾಹಿ ಎಲ್ಲ ಮುಗಿಯುವ ತನಕ, ಅಂದರೆ ಹತ್ತು ಗಂಟೆ ತನಕ ಕಾಯಬೇಕು.